ಭಾಲ್ಕಿಯಿಂದ ಉತ್ತರ ಬರುತ್ತಿದ್ದ ಮಳೆಗಾಲ

ಮೊನ್ನೆ ನಮ್ಮ ಓಣಿಯ ಮೊಬೈಲ್ ಅಂಗಡಿಯಲ್ಲಿ ಇನ್ವರ್ಟರ್ ಬ್ಯಾಟರಿಗೆ ನೀರು ಹಾಕುತ್ತಿದ್ದರು. ಹೊರಗೆ ಜಿಟಿಜಿಟಿ ಮಳೆ. ಆಸಿಡ್ಡಿನ ಆ ಹುಳಿ ವಾಸನೆ ಒದ್ದೆ ಕೆಂಪು ಮಣ್ಣಿನ ವಾಸನೆಯ ಜೊತೆ ಮೂಗಿಗೆ ಬಡಿದದ್ದೇ ತಡ, ರೀಚಾರ್ಜ್ ಮಾಡಿಸಲು ಹೋದವಳು ಅದನ್ನು ಮರೆತು ಮನೆಗೆ ಬಂದುಬಿಟ್ಟೆ. ಬ್ಯಾಟರಿ ವಾಸನೆಗೆ ಯಾರಾದರೂ ಅಳುತ್ತಾರೆಯೇ? ನಾನೂ ಅಳಲಿಲ್ಲ. ನನಗೆ ಸಿಟ್ಟು ಬಂತು. ಇಷ್ಟು ವರ್ಷದ ಮೇಲೂ, ಅಂದು ಬಂದಷ್ಟೇ ಬಂತು.

ನಮ್ಮಂಥ ಮೆಥೋಡಿಸ್ಟ್ ಮನೆಗಳಲ್ಲಿ ಹೆಣ್ಣು ಹುಟ್ಟಿದರೆ ಟೀಚರೋ ನರ್ಸೋ ಎಂದು ಕೇಳುತ್ತಾರೆ, ಮೂರನೆಯದನ್ನು ಯಾರೂ ಕೇಳುವುದಿಲ್ಲ. ನನ್ನ ಅಜ್ಜಿ ನರ್ಸು, ಅವ್ವ ನರ್ಸು. ರಕ್ತ ಕಂಡರೆ ತಲೆ ತಿರುಗಿ ಬೀಳುವ ನಾನು ಕಂಪ್ಯೂಟರ್ ಕಲಿತೆ. ಆದರೂ ಹಣೆಬರಹ ನೋಡಿ, ಕೆಲಸ ಸಿಕ್ಕಿದ್ದು ಬೀದರಿನ ಒಂದು ಖಾಸಗಿ ಸಂಸ್ಥೆಯ ನರ್ಸಿಂಗ್ ಶಾಲೆಯಲ್ಲಿಯೇ. ಅಲ್ಲಿ ನಾನು ಕಂಪ್ಯೂಟರ್ ವಿಭಾಗದ ಪ್ರೇಮಲತಾ, ಮಂದಿಗೆ ಪ್ರೇಮಕ್ಕ. ಅದೇ ಸಂಸ್ಥೆಗೆ ಭಾಲ್ಕಿಯಲ್ಲಿ ಒಂದು, ಔರಾದಿನಲ್ಲಿ ಒಂದು ಶಾಲೆ ಇದ್ದವು. ಭಾಲ್ಕಿಯ ಕಂಪ್ಯೂಟರ್ ನೋಡಿಕೊಳ್ಳುತ್ತಿದ್ದವನು ಸಂಗಮೇಶ, ಹಲಬರ್ಗಾದ ಹುಡುಗ. ನನಗಿಂತ ಹತ್ತು ವರ್ಷ ಚಿಕ್ಕವನು. ಕೊರಳಲ್ಲಿ ಲಿಂಗ, ಬಾಯಲ್ಲಿ ಸದಾ ಒಂದು ವಚನದ ಸಾಲು. ನನ್ನನ್ನು ಬಾಯ್ತುಂಬ ಅಕ್ಕ ಎನ್ನುತ್ತಿದ್ದ. ನನಗೆ ಒಡಹುಟ್ಟಿದ ತಮ್ಮಂದಿರಿಲ್ಲ. ಅವನ ಅಕ್ಕ ಎಂಬ ಕರೆಗೆ ನಾನು ಬೇಗ ಒಲಿದುಬಿಟ್ಟೆ.

ಲಾಕ್‌ಡೌನಿನ ವರ್ಷ ಅದು. ಹುಡುಗಿಯರೆಲ್ಲ ಊರು ಸೇರಿದ್ದರು. ಪಾಠ ಮೊಬೈಲಿನಲ್ಲಿ ನಡೆಯಬೇಕು. ಹೊರಗಿನ ಕಂಪನಿಗಳ ಉಚಿತ ಮೀಟಿಂಗು ನಡುವೆಯೇ ಕಡಿದುಹೋಗುತ್ತಿತ್ತು. ಗರ್ಭಕೋಶದ ಪಾಠ ಅರ್ಧಕ್ಕೆ ನಿಂತು, ಎಲ್ಲರೂ ಮತ್ತೆ ಲಿಂಕ್ ಹುಡುಕಿ ಒಳಗೆ ಬರುವಷ್ಟರಲ್ಲಿ ಮೇಡಂ ಹೆರಿಗೆಯನ್ನೇ ಮುಗಿಸಿಬಿಟ್ಟಿರುತ್ತಿದ್ದರು. ನಮ್ಮದೇ ಸ್ವಂತ ಮೀಟಿಂಗ್ ಸರ್ವರ್ ಇದ್ದರೆ ಈ ಕಾಟ ಇರುವುದಿಲ್ಲ ಎಂದು ನಾನೂ ಸಂಗಮೇಶನೂ ಕಾರ್ಯದರ್ಶಿ ಸಾಹೇಬರ ಬೆನ್ನು ಹತ್ತಿದೆವು. ಸಾಹೇಬರು ಒಪ್ಪಿ ಒಂದೇ ಪ್ರಶ್ನೆ ಕೇಳಿದರು.

"ಬೀದರಿನಾಗ ಕರೆಂಟ್ ಹೋದ್ರ ಏನ್ ಮಾಡ್ತೀರಿ?"

"ಒಂದು ಬಿದ್ರ ಇನ್ನೊಂದು ಏಳ್ತದರಿ, ಸಾಹೇಬ್ರ," ಎಂದೆ ನಾನು. ಎಷ್ಟು ಹೆಮ್ಮೆಯಿಂದ ಎಂದೆ! ಆ ಮಾತನ್ನು ಮುಂದೆ ನನ್ನ ತಲೆಗೇ ಕಟ್ಟಲಿದ್ದಾರೆ ಎಂದು ನನಗೇನು ಗೊತ್ತು?

ನಾವು ಮಾಡಿದ ಏರ್ಪಾಡು ಇಷ್ಟೇ. ಬೀದರಿನಲ್ಲಿ ಒಂದು ದೊಡ್ಡ ಮಷಿನ್. ಮೀಟಿಂಗುಗಳೆಲ್ಲ ಅದರ ಮೇಲೆ. ಭಾಲ್ಕಿಯಲ್ಲಿ ಅದರ ತಂಗಿಯಂಥ ಇನ್ನೊಂದು; ಅದಕ್ಕೆ ಬೇರೆ ಕೆಲಸವಿಲ್ಲ, ಅಕ್ಕ ಬಿದ್ದರೆ ಎದ್ದು ನಿಲ್ಲುವುದೇ ಕೆಲಸ. ಔರಾದಿನಲ್ಲಿ ಒಂದು ಪುಟ್ಟ ಡಬ್ಬಿ. ಮೀಟಿಂಗ್ ಹೊರುವ ಶಕ್ತಿ ಅದಕ್ಕಿಲ್ಲ, ಆದರೆ ಅದಕ್ಕೊಂದು ಮತವಿದೆ. ಮೂರೂ ಮಷಿನ್‌ಗಳು ಎರಡೆರಡು ಸೆಕೆಂಡಿಗೊಮ್ಮೆ ಒಂದಕ್ಕೊಂದು 'ಇದ್ದೀಯಾ?' ಎಂದು ಕೇಳುತ್ತಿರುತ್ತವೆ, 'ಇದ್ದೇನೆ' ಎನ್ನುತ್ತಿರುತ್ತವೆ. ಬೀದರಿನಿಂದ ಉತ್ತರ ಬರದಿದ್ದರೆ ಭಾಲ್ಕಿ ತನ್ನಷ್ಟಕ್ಕೆ ತಾನೇ ಗದ್ದುಗೆ ಏರುವಂತಿಲ್ಲ. ನಡುವಿನ ತಂತಿಯಷ್ಟೇ ಕಡಿದಿದ್ದರೆ ಇಬ್ಬರೂ ನಾನೇ ಯಜಮಾನಿ ಎಂದು ಕೂತು ಎಲ್ಲ ಕಲಸಿಹೋಗುತ್ತದೆ. ಅದಕ್ಕೆ ಔರಾದನ್ನು ಕೇಳಬೇಕು. ಔರಾದೂ 'ಬೀದರ್ ಹೋಗಿದೆ' ಎಂದರೆ ಇಬ್ಬರ ಮಾತಾಯಿತು, ಭಾಲ್ಕಿ ಏಳಬಹುದು. ಒಬ್ಬರ ಮಾತಿಗೆ ತೀರ್ಮಾನವಿಲ್ಲ. ಹುಡುಗಿಯರು ನೋಡುವ ಲಿಂಕ್ ಬದಲಾಗುವುದಿಲ್ಲ. ಅರ್ಧ ನಿಮಿಷ ಚಿತ್ರ ನಿಂತು ಮತ್ತೆ ಬರುತ್ತದೆ, ಅಷ್ಟೇ.

ಔರಾದಿನ ಡಬ್ಬಿಗೆ ಅಲ್ಲಿನ ಗ್ರಂಥಪಾಲಕ ಮಾಧವರಾವ್ ಕಾವಲು. ಮನೆಯಲ್ಲಿ ಮರಾಠಿ, ಶಾಲೆಯಲ್ಲಿ ಕನ್ನಡ, ಸಿಟ್ಟು ಬಂದರೆ ದಖ್ಖನಿ. ದಿನಾ ಬೆಳಿಗ್ಗೆ ಡಬ್ಬಿಯ ಧೂಳು ಒರೆಸಿ ಹಸಿರು ದೀಪ ನೋಡಿ ನನಗೆ ಫೋನ್ ಮಾಡುತ್ತಿದ್ದರು. "ದೀಪ ಹತ್ಯದ ನೋಡ್ರಿ ಪ್ರೇಮಾಬಾಯಿ, ಫಿಕರ್ ಬ್ಯಾಡ."

ಮೊದಲ ಮಳೆಗೆ ಎಲ್ಲ ಸಿದ್ಧವಾಯಿತು. ಉದ್ದಿನ ಬಿತ್ತನೆ ಮುಗಿಯುತ್ತಿತ್ತು. ಸಂಗಮೇಶ ಪಾಸ್ ಮಾಡಿಸಿಕೊಂಡು ಹಲಬರ್ಗಾದಿಂದ ಬೈಕಿನ ಮೇಲೆ ಬೀದರಿಗೆ ಬರುತ್ತಿದ್ದ. ಕೆಸರಿನ ಚಪ್ಪಲಿ ಹೊರಗೆ ಬಿಟ್ಟು, ಅವನ ಅವ್ವ ಕಟ್ಟಿದ ಬಿಳಿಜೋಳದ ರೊಟ್ಟಿ, ಶೇಂಗಾ ಹಿಂಡಿ ಬಿಚ್ಚಿ, ನಾನು ತಂದ ಮೊಟ್ಟೆ ಪಲ್ಯದ ಡಬ್ಬಿಯನ್ನು ದೂರ ಸರಿಸಿ, "ನಿಮ್ಮದು ನಿಮಗ, ನಮ್ಮದು ಇಬ್ಬರಿಗೂ," ಎನ್ನುತ್ತಿದ್ದ. ಮೂರೂ ಮಷಿನ್‌ಗಳ ಪಾಸ್‌ವರ್ಡು ಇಬ್ಬರ ಹತ್ತಿರವೂ ಇತ್ತು. ಒಬ್ಬರಿಗೆ ಜ್ವರ ಬಂದರೆ ಇನ್ನೊಬ್ಬರು ನೋಡಬೇಕಲ್ಲ. ಆ ಕಾಲದಲ್ಲಿ ಯಾರಿಗೆ ಯಾವಾಗ ಏನಾಗುತ್ತದೋ ಹೇಳುವಂತಿರಲಿಲ್ಲ.

ಮೊದಲ ಶನಿವಾರ ಪರೀಕ್ಷೆ ಮಾಡಿದೆವು. ನಾನು ಬೀದರ್ ಮಷಿನ್ನಿನ ವೈರನ್ನೇ ಕಿತ್ತೆ. ಚಿತ್ರ ನಿಂತಿತು, ಎಣಿಸುತ್ತ ಕೂತೆ, ಮತ್ತೆ ಬಂತು, ಭಾಲ್ಕಿಯಿಂದ. ಖುಷಿಗೆ ನಾನು ಚಪ್ಪಾಳೆ ತಟ್ಟಿದೆ. ಆದರೆ ಆಗ ಪಾಠ ಮಾಡುತ್ತಿದ್ದ ಮೇಡಂ ನೇರ ಸಾಹೇಬರಿಗೆ ದೂರು ಕೊಟ್ಟರು. ನಡೆಯುವ ಮಷಿನ್ನಿನ ವೈರ್ ಕೀಳುವುದೆಂದರೇನು ಎಂದು ಸಾಹೇಬರು ರೇಗಿದರು. ಅವರನ್ನು ಸಮಾಧಾನ ಮಾಡಿ ಬಂದವನು ಸಂಗಮೇಶ.

"ವೈರ್ ಕೀಳಬ್ಯಾಡ್ರಿ ಅಕ್ಕ. ಮಷಿನ್ ಚಾಲೂ ಇಟ್ಟು ಬರೀ ಮೀಟಿಂಗ್ ಸರ್ವಿಸ್ ಬಂದ್ ಮಾಡ್ರಿ. ಅದೂ ಒಂದೇ, ಇದೂ ಒಂದೇ."

ಒಂದೇ ಅಲ್ಲ ಎಂದು ನನಗೆ ಗೊತ್ತಿತ್ತು. ಆದರೂ ನನ್ನ ಪರವಾಗಿ ಬೈಸಿಕೊಂಡು ಬಂದ ಹುಡುಗನಿಗೆ ಇಲ್ಲ ಎನ್ನಲಾಗಲಿಲ್ಲ. ಮುಂದಿನ ಶನಿವಾರಗಳೆಲ್ಲ ಹಾಗೆಯೇ ನಡೆದವು. ಪ್ರತಿ ಸಲ ಭಾಲ್ಕಿ ಎದ್ದಿತು. ಆಷಾಢದ ಹೊತ್ತಿಗಂತೂ ಇನ್ನೂ ಚುರುಕಾಯಿತು. ಮೊದಲೆಲ್ಲ ಭಾಲ್ಕಿಯ 'ಇದ್ದೇನೆ' ತಡವರಿಸುತ್ತ ಬರುತ್ತಿತ್ತು, ಆ ಲೈನು ಅಂಥದ್ದು. ಈಗ ಕೇಳುವ ಮೊದಲೇ ಎನ್ನುವಂತೆ ಬರತೊಡಗಿತು. ನಾನು ಮಾಧವರಾಯರಿಗೆ ಫೋನ್ ಮಾಡಿ ಹೇಳಿದೆ, "ಭಾಲ್ಕಿ ಲೈನು ಭಾರಿ ಸುಧಾರಿಸ್ಯದರಿ." ಸಂಗಮೇಶನಿಗೆ ಶಹಬ್ಬಾಸ್ ಹೇಳಿದೆ. ಅವನು ನಕ್ಕ. ಆ ನಗು ನೆನೆದರೆ ಇವತ್ತಿಗೂ ಮೈ ಉರಿಯುತ್ತದೆ.

ಶ್ರಾವಣದ ನಡುವೆ ಒಂದು ಒಳ್ಳೆಯ ಸುದ್ದಿ ಬಂತು. ಹೈದರಾಬಾದಿನ ದೊಡ್ಡ ಆಸ್ಪತ್ರೆಯೊಂದಕ್ಕೆ ನರ್ಸುಗಳು ಬೇಕಾಗಿದ್ದರು. ಬಸ್ಸಿಲ್ಲ, ಬರುವುದು ಬೇಡ, ನಿಮ್ಮದೇ ಮೀಟಿಂಗಿನಲ್ಲಿ, ನಿಮ್ಮ ಶಿಕ್ಷಕರ ಎದುರಿಗೆ ಕೂಡಿಸಿ, ಒಂದೇ ಮಧ್ಯಾಹ್ನ ಎಲ್ಲರನ್ನೂ ನೋಡಿಬಿಡುತ್ತೇವೆ ಎಂದರು. ಮೂರೂ ಊರಿನ ಕೊನೆಯ ವರ್ಷದ ಹುಡುಗಿಯರು ಹೆಸರು ಕೊಟ್ಟರು. ಅವರಲ್ಲಿ ಸುನಂದಾ ನನಗೆ ಮಗಳಂಥವಳು. ಕಮಠಾಣದವಳು, ನಮ್ಮ ಚರ್ಚಿನ ಗಾಯನ ತಂಡದಲ್ಲಿ ಹಾಡುವವಳು. ಅಪ್ಪನಿಲ್ಲ. ಅವ್ವ ಎಲಿಸಮ್ಮ ಆಸ್ಪತ್ರೆಯೊಂದರಲ್ಲಿ ಆಯಾ. ಇಪ್ಪತ್ತು ವರ್ಷ ನರ್ಸುಗಳ ಹಿಂದೆ ಬೆಡ್‌ಪ್ಯಾನ್ ಹಿಡಿದು ನಿಂತವಳಿಗೆ ಮಗಳು ದೊಡ್ಡ ಆಸ್ಪತ್ರೆಯ ನರ್ಸಾಗಿ ಮುಂದೆ ನಡೆಯಬೇಕು ಎಂಬ ಒಂದೇ ಆಸೆ. ಆ ಮಧ್ಯಾಹ್ನದ ಮೇಲೆ ತಾಯಿ ಮಗಳಿಬ್ಬರ ಬದುಕು ನಿಂತಿತ್ತು.

"ಅಕ್ಕೋರೆ, ನಡುವ ಕಡದು ಹೋಗಲ್ಲಲ್ರಿ?" ಎಂದು ಸುನಂದಾ ಹಿಂದಿನ ದಿನ ಕೇಳಿದಳು.

"ಬೀದರ್ ಮುಳುಗಿದ್ರೂ ಕಡಿಯಲ್ಲ, ಹೋಗು. ಯೂನಿಫಾರ್ಮ್ ಇಸ್ತ್ರಿ ಮಾಡ್ಕೋ," ಎಂದೆ.

ಆ ಮಧ್ಯಾಹ್ನ ಆಕಾಶ ಕಪ್ಪಗಾಗಿತ್ತು. ಬೀದರಿನ ಹುಡುಗಿಯರು ಪಕ್ಕದ ಕೋಣೆಯಲ್ಲಿ ಬಿಳಿ ಬಟ್ಟೆ ತೊಟ್ಟು ಬೆಂಚಿನ ಮೇಲೆ ಸಾಲಾಗಿ ಕೂತಿದ್ದರು. ಔರಾದ್ ಹುಡುಗಿಯರ ಸರದಿ ಮೊದಲು; ಅವರದು ಸರಾಗವಾಗಿ ಮುಗಿಯಿತು. ಬೀದರಿನ ಒಬ್ಬಳು ಮುಗಿಸಿ ಎದ್ದಳು. ಸುನಂದಾ ಕ್ಯಾಮೆರಾದ ಮುಂದೆ ಕೂತು ನಮಸ್ಕಾರ ಎಂದಳು. ಆ ಕಡೆಯ ಮೇಡಂ ಅವಳ ಹೆಸರು ಓದಿದರು. ಅಷ್ಟರಲ್ಲಿ ಶಾಲೆಯ ಹಿಂದೆಯೇ ಸಿಡಿಲು ಬಡಿಯಿತು. ಸರ್ವರ್ ಕೋಣೆಯಿಂದ ಚಟ್ ಎಂಬ ಸದ್ದು, ಸುಟ್ಟ ವಾಸನೆ. ಬೀದರ್ ಮಷಿನ್ ಸತ್ತಿತ್ತು.

ನಿಜ ಹೇಳುತ್ತೇನೆ, ನನಗೆ ಭಯವಾಗಲಿಲ್ಲ. "ಗಾಬರಿ ಆಗಬ್ಯಾಡ, ಈಗ ಬರ್ತದ," ಎಂದು ಸುನಂದಾಳ ಹೆಗಲ ಮೇಲೆ ಕೈಯಿಟ್ಟು ನಿಂತೆ. ಹುಡುಗಿಯರಿಗೆಲ್ಲ ಕೇಳುವಂತೆ ಎಣಿಸಿದೆ ಕೂಡ. ಅರ್ಧ ನಿಮಿಷವಾಯಿತು. ಒಂದು ನಿಮಿಷವಾಯಿತು. ಪರದೆಯ ಮೇಲೆ ಆ ಗಾಲಿ ತಿರುಗುತ್ತಲೇ ಇತ್ತು.

ಸಂಗಮೇಶನಿಗೆ ಫೋನ್ ಮಾಡಿದೆ, ಎತ್ತಲಿಲ್ಲ. ಔರಾದಿಗೆ ಮಾಡಿದೆ.

"ನನ್ನ ಡಬ್ಬಿ ಜೀವಂತ ಅದರಿ," ಎಂದರು ಮಾಧವರಾವ್. "ಬೀದರ್ ಹೋಗ್ಯದ. ಭಾಲ್ಕಿನೂ ಹೋಗ್ಯದ. ಒಬ್ಬಾಕಿನೇ ಉಳದೀನಿ, ಒಬ್ಬಾಕಿಂದು ಮತ ನಡಿಯಲ್ಲ ಅಂತ ಸುಮ್ಮ ಕುಂತದ."

"ಭಾಲ್ಕಿ ಯಾವಾಗ ಹೋತ್ರಿ?"

"ಅದೇ ಹೊತ್ತಿಗಿ. ಎರಡೂ ಕೂಡೇ ಹೋದವು."

ಬೀದರಿನಲ್ಲಿ ಸಿಡಿಲು ಬಡಿದರೆ ಭಾಲ್ಕಿಯ ಮಷಿನ್ ಹೇಗೆ ಸಾಯುತ್ತದೆ? ಆದರೆ ಅದನ್ನು ಯೋಚಿಸಲು ಆಗ ಪುರುಸೊತ್ತಿರಲಿಲ್ಲ. ನನ್ನ ಮೊಬೈಲಿನಿಂದ ಬೇರೆ ಮೀಟಿಂಗ್ ತೆರೆಯಲು ನೋಡಿದೆ. ಕರೆಗಳು ಹೋಗುತ್ತಿದ್ದವು, ಆದರೆ ಸಿಡಿಲಿಗೆ ಇಂಟರ್ನೆಟ್ ಹೋಗಿತ್ತು. ಅದು ಬಂದು, ಹೈದರಾಬಾದಿನವರಿಗೆ ಹೊಸ ಲಿಂಕ್ ಮುಟ್ಟಿಸಿ, ಮತ್ತೆ ಮತ್ತೆ ಕರೆ ಮಾಡಿದಾಗ ಅಲ್ಲಿಂದ ಒಂದು ಸಭ್ಯ ದನಿ ಬಂತು. ಅರ್ಧ ತಾಸು ಕಾದೆವು, ಇನ್ನೊಂದು ಊರಿನ ಶಾಲೆಯವರು ಸಾಲಿನಲ್ಲಿದ್ದರು, ಅವರನ್ನು ನೋಡಿದೆವು, ನಮಗೆ ಬೇಕಾದಷ್ಟು ಮಂದಿ ಸಿಕ್ಕರು. ಔರಾದಿನ ಹುಡುಗಿಯರಲ್ಲಿ ಮೂವರನ್ನು ತೆಗೆದುಕೊಂಡಿದ್ದೇವೆ, ನಮಸ್ಕಾರ. ಬೀದರಿನ ಉಳಿದವರು, ಭಾಲ್ಕಿಯ ಎಲ್ಲರೂ ಹಾಗೆಯೇ ಉಳಿದರು. ಸುನಂದಾ ಬಹಳ ಹೊತ್ತು ಕುರ್ಚಿಯಿಂದ ಏಳಲೇ ಇಲ್ಲ.

ಮರುದಿನ ಬೆಳಿಗ್ಗೆ ಸ್ಕೂಟಿ ತೆಗೆದು ಭಾಲ್ಕಿಗೆ ಹೊರಟೆ. ಬೀದರಿನ ಕೆಂಪು ಮಣ್ಣು ಮುಗಿದು ಕರಿ ಮಣ್ಣು ಶುರುವಾಗುವವರೆಗೂ ಸಂಗಮೇಶನ ಮೇಲೆ ನನಗೆ ಅನುಮಾನವಿರಲಿಲ್ಲ. ಅವನಿಗೇನಾದರೂ ಆಗಿದೆಯೋ, ಕೋಣೆಗೆ ನೀರು ನುಗ್ಗಿದೆಯೋ ಎಂದೇ ಹೆದರಿದ್ದೆ. ಹಲಬರ್ಗಾದ ಹತ್ತಿರ ಅವನ ಮನೆಗೇ ಹೋಗಲೇ ಎಂದೂ ಒಮ್ಮೆ ಗಾಡಿ ನಿಲ್ಲಿಸಿದೆ. ನಂಬಿಕೆ ಎಂಬುದು ಅಷ್ಟು ಸುಲಭಕ್ಕೆ ಸಾಯುವುದಿಲ್ಲ ನೋಡಿ.

ಭಾಲ್ಕಿ ಶಾಲೆಯ ಜವಾನ ಕೋಣೆಯ ಬೀಗ ತೆಗೆದ. ಒಳಗೆ ಯುಪಿಎಸ್ ಗುಂಯ್‌ಗುಟ್ಟುತ್ತಿತ್ತು. ಬ್ಯಾಟರಿಗಳಿಂದ ಅದೇ ಹುಳಿ ವಾಸನೆ. ಯುಪಿಎಸ್‌ಗೆ ಒಂದು ಟೇಬಲ್ ಫ್ಯಾನ್ ಸಿಕ್ಕಿಸಿದ್ದರು. ಮಷಿನ್ ಇರಲಿಲ್ಲ.

"ಆ ದೊಡ್ಡ ಡಬ್ಬಿ ಏನ್ರಿ? ಅದನ್ನ ಕೋಚಿಂಗ್ ಸೆಂಟರಿಗಿ ಒಯ್ದು ಭಾಳ ದಿನ ಆತಲ್ರಿ," ಎಂದ ಜವಾನ. "ಸಂಗಮೇಶ ಸರ್ ತಾವೇ ಗಾಡಿಗಿ ಹಾಕ್ಕೊಂಡು ಹೋದ್ರು. ನಿಮಗ ಗೊತ್ತಿಲ್ಲೇನ್ರಿ?"

ಹಾಗಾದರೆ ದಿನವೂ ನನಗೆ 'ಇದ್ದೇನೆ' ಎನ್ನುತ್ತಿದ್ದವರು ಯಾರು? ಅಲ್ಲಿಯೇ ಫ್ಯಾನಿನ ಮುಂದೆ ನಿಂತಾಗ ಹೊಳೆಯಿತು. ಒಂದು ಕಂಪ್ಯೂಟರಿನ ಹೊಟ್ಟೆಯಲ್ಲಿ ಇನ್ನೊಂದು ಕಂಪ್ಯೂಟರ್ ಇದ್ದಂತೆ ನಟಿಸುವ ಸಾಫ್ಟ್‌ವೇರ್ ನಕಲನ್ನು ಕೂಡಿಸಬಹುದು. ಅದಕ್ಕೂ ಹೆಸರಿರುತ್ತದೆ, ಉತ್ತರ ಕೊಡುತ್ತದೆ, ಮತ ಹಾಕುತ್ತದೆ. ಸಂಗಮೇಶ ಭಾಲ್ಕಿಯ ಮಷಿನ್ನನ್ನು ಹಾಗೆ ನಕಲು ಮಾಡಿ, ನನ್ನದೇ ಬೀದರ್ ಮಷಿನ್ನಿನ ಹೊಟ್ಟೆಯಲ್ಲಿ ಕೂಡಿಸಿದ್ದ. ಪಾಸ್‌ವರ್ಡು ಅವನ ಹತ್ತಿರವೂ ಇತ್ತಲ್ಲ. ಉತ್ತರ ಚುರುಕಾಗಿ ಬರದೇ ಏನು? ಪಕ್ಕದಲ್ಲೇ ಕೂತು ಕೂಗುತ್ತಿತ್ತಲ್ಲ. ಶನಿವಾರ ನಾನು ಮೀಟಿಂಗ್ ಸರ್ವಿಸ್ ಮಾತ್ರ ನಿಲ್ಲಿಸುತ್ತಿದ್ದೆ, ಮಷಿನ್ ನಡೆಯುತ್ತಲೇ ಇರುತ್ತಿತ್ತು, ಅದು ಎದ್ದು ನಿಲ್ಲುತ್ತಿತ್ತು. ಸಿಡಿಲಿಗೆ ಬೀದರ್ ಮಷಿನ್ ಸತ್ತಾಗ ಹೊಟ್ಟೆಯೊಳಗಿನದೂ ಜೊತೆಗೇ ಸತ್ತಿತ್ತು. ವೈರ್ ಕಿತ್ತಿದ್ದರೆ ಅಂದೇ ಬಣ್ಣ ಬಯಲಾಗುತ್ತಿತ್ತು. ವೈರ್ ಕೀಳಬೇಡಿ ಎಂದವನು ಅವನೇ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

ಸಂಗಮೇಶ ಸಾಹೇಬರು ಭಾಲ್ಕಿಯಲ್ಲಿ ತೆರೆದಿದ್ದ ಆ ಕೋಚಿಂಗ್ ಸೆಂಟರಿನಲ್ಲಿಯೇ ಇದ್ದ. ನನ್ನನ್ನು ಕಂಡದ್ದೇ ಎದ್ದು ಹೊರಗೆ ಬಂದ. ಮಾವಿನ ಗಿಡದ ಕೆಳಗೆ ನಿಂತೆವು. ಎಲೆಯಿಂದ ನೀರು ತೊಟ್ಟಿಕ್ಕುತ್ತಿತ್ತು.

"ಯಾಕೋ ಸಂಗಮೇಶ?" ಎಂದೆ.

"ಸಾಹೇಬ್ರು ಹೇಳಿದ್ರು ಅಕ್ಕ. ಖಾಲಿ ಕುಂತ ಮಷಿನ್ ಯಾಕ, ಕೋಚಿಂಗಿಗಿ ಒಯ್ಯು, ಅಲ್ಲಿಂದು ಉಸ್ತುವಾರಿ ಎಲ್ಲಾ ನಿನಗೇ ಕೊಡ್ತೀನಿ ಅಂದ್ರು. ನಿಮಗ ಹೇಳಿದ್ರ ನೀವು ಜಗಳ ತೆಗಿತೀರಿ, ಹೇಳಬ್ಯಾಡ ಅಂದ್ರು."

"ಅದು ಖಾಲಿ ಕುಂತಿರ್ಲಿಲ್ಲೋ. ಕಾಯ್ಲಾಕತ್ತಿತ್ತು. ಕಾಯೋದೇ ಅದರ ಕೆಲಸ ಅಂತ ನಿನಗ ಗೊತ್ತಿಲ್ಲೇನು? ನೀನೇ ನನ್ನ ಕೂಡ ಕಟ್ಟೀದಿ."

ಅವನು ಅತ್ತ. ನಿಜವಾಗಿಯೇ ಅತ್ತ, ಮೂಗು ಒರೆಸಿಕೊಂಡ. "ಬೀಳ್ತದ ಅಂತ ಅನಸಿರ್ಲಿಲ್ಲ ಅಕ್ಕ. ತಪ್ಪಾತು. ನಾಳಿ ಸಾಹೇಬ್ರ ಮುಂದ ಎಲ್ಲಾ ಖರೆ ಹೇಳ್ತೇನಿ. ನಿಮ್ಮ ಮ್ಯಾಲೆ ಬರಗೊಡಂಗಿಲ್ಲ. ನಮ್ಮವ್ವನ ಆಣಿ."

ನಾನು ಮತ್ತೆ ನಂಬಿದೆ. ಹೆತ್ತವ್ವನ ಆಣೆ ಹಾಕಿದವನನ್ನು ನಂಬದೆ ಇನ್ನೇನು ಮಾಡಲಿ? ಸೆರಗಿನಿಂದ ಅವನ ಕಣ್ಣು ಒರೆಸುವುದೊಂದು ಬಾಕಿ ಇತ್ತು.

ಮರುದಿನ ಬೀದರಿನಲ್ಲಿ ಸಭೆ. ಸಾಹೇಬರು, ಮೂರೂ ಶಾಲೆಯ ಮುಖ್ಯಸ್ಥರು, ಮೂಲೆಯಲ್ಲಿ ಮಾಸ್ಕ್ ಕಟ್ಟಿಕೊಂಡ ಸಂಗಮೇಶ.

"ಒಂದು ಬಿದ್ರ ಇನ್ನೊಂದು ಏಳ್ತದ ಅಂತ ನೀವೇ ಹೇಳಿದ್ರಿ," ಎಂದರು ಸಾಹೇಬರು. "ಎಲ್ಲಿ ಎದ್ದಿತ್ರಿ ಪ್ರೇಮಕ್ಕೋರೆ?"

ನಾನು ನಡೆದದ್ದೆಲ್ಲ ಹೇಳಿದೆ. ಭಾಲ್ಕಿಯ ಖಾಲಿ ಕೋಣೆ, ಫ್ಯಾನು, ಹೊಟ್ಟೆಯೊಳಗಿನ ನಕಲು, ಎಲ್ಲ. ಸಾಹೇಬರು ಹುಬ್ಬು ಕೂಡ ಅಲುಗಿಸಲಿಲ್ಲ.

"ಸಂಗಮೇಶ, ಅಕ್ಕೋರಿಗಿ ಇದು ಗೊತ್ತಿರ್ಲಿಲ್ಲೇನು?"

ಅವನು ಎದ್ದು ನಿಂತ. ನಾನು ಅವನ ಮುಖವನ್ನೇ ನೋಡುತ್ತಿದ್ದೆ. ಅವನು ನೆಲ ನೋಡುತ್ತಿದ್ದ.

"ಗೊತ್ತಿತ್ರಿ ಸಾಹೇಬ್ರ. ಅವರದೇ ಮಷಿನ್ ಹೊಟ್ಟಿಯಾಗ ಇತ್ತಲ್ರಿ, ಅವರಿಗಿ ಗೊತ್ತಾಗ್ದೇ ಹ್ಯಾಂಗ ಇರ್ತದ? ಅವರನ್ನ ಕೇಳೇ ಮಾಡೀನಿ."

ಎಂಥ ಮಾತು ನೋಡಿ! ಕಂಪ್ಯೂಟರ್ ಬಲ್ಲವರಿಗೂ ಒಪ್ಪಿಗೆಯಾಗುವ ಮಾತು, ಬಾರದವರಿಗೂ ಒಪ್ಪಿಗೆಯಾಗುವ ಮಾತು. ಎಲ್ಲರೂ ತಲೆಯಾಡಿಸಿದರು. ನನ್ನ ಮಷಿನ್, ನನ್ನ ಕೋಣೆ, ನನ್ನ ಕೈಯಲ್ಲಿ ಬೀಗದ ಕೈ. ನನಗೆ ಗೊತ್ತಿರಲಿಲ್ಲ ಎಂದರೆ ನಾನು ದಡ್ಡಿ, ಗೊತ್ತಿತ್ತು ಎಂದರೆ ಕಳ್ಳಿ. ಎರಡರಲ್ಲಿ ಒಂದು ಆರಿಸಿಕೊಳ್ಳಬೇಕಿತ್ತು. ನಾನು ಕೂಗಾಡಿದೆ. ಕೂಗಾಡಿದ್ದರಿಂದ ತಪ್ಪು ನನ್ನದೇ ಎಂದು ಇನ್ನೂ ಗಟ್ಟಿಯಾಯಿತು. ಮಷಿನ್ ಒಯ್ಯಲು ಹೇಳಿದ ಸಾಹೇಬರೇ ನ್ಯಾಯ ಹೇಳಲು ಕೂತಿದ್ದರು. ಅಲ್ಲಿ ಯಾರ ಮತ ಯಾರಿಗೆ ಬೀಳಬೇಕು?

ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ಪ್ರವೇಶ ವಿಭಾಗಕ್ಕೆ ಹಾಕಿದರು. ಉಳಿದ ಮಷಿನ್‌ಗಳ ಉಸ್ತುವಾರಿ ಸಂಗಮೇಶನಿಗೆ ಹೋಯಿತು. ಔರಾದಿನ ಮಾಧವರಾವ್ ಒಮ್ಮೆ ಫೋನ್ ಮಾಡಿ, ಏನು ಹೇಳಬೇಕೋ ತಿಳಿಯದೆ, "ದೀಪ ಇನ್ನಾ ಹತ್ಯದರಿ, ಬಂದ್ ಮಾಡು ಅಂದ್ರೂ ಮಾಡಿಲ್ಲ," ಎಂದರು. ಆ ಮಳೆಗಾಲವಿಡೀ ನನಗೆ ಯಾರಾದರೂ ಹೇಳಿದ ಒಳ್ಳೆಯ ಮಾತೆಂದರೆ ಅದೊಂದೇ.

ಕ್ರಿಸ್‌ಮಸ್ ಬಂತು. ಪ್ರತಿ ವರ್ಷ ಎಲಿಸಮ್ಮ ನಮ್ಮ ಮನೆಗೆ ಬಂದು ಅವ್ವನ ಜೊತೆ ಕೂತು ಕರ್ಜಿಕಾಯಿ ಕಟ್ಟುತ್ತಿದ್ದಳು. ಆ ವರ್ಷ ಬರಲಿಲ್ಲ. ಚರ್ಚಿನಲ್ಲಿ ಸುನಂದಾ ಹಾಡಲೂ ನಿಲ್ಲಲಿಲ್ಲ. ಜ್ವರವೋ ಏನೋ ಎಂದು ನಾನೇ ಡಬ್ಬಿ ತುಂಬಿಕೊಂಡು ಕಮಠಾಣಕ್ಕೆ ಹೋದೆ. ಅವಳಿಗೆ ಜ್ವರವಿರಲಿಲ್ಲ. ಊರಿನ ಚಿಕ್ಕ ದವಾಖಾನೆಯಲ್ಲಿ ಸಲೈನ್ ಹಚ್ಚುವ ಕೆಲಸಕ್ಕೆ ಹೋಗುತ್ತಿದ್ದಳು. ಆಗಷ್ಟೇ ಬಂದು ಅಂಗಳದಲ್ಲಿ ಕಾಲು ತೊಳೆಯುತ್ತಿದ್ದಳು. ಎಲಿಸಮ್ಮ ನನ್ನನ್ನು ಒಳಗೆ ಕರೆಯಲಿಲ್ಲ, ಹೊರಗೇ ಕುರ್ಚಿ ಹಾಕಿದಳು.

"ಮಷಿನ್ ಕೆಟ್ಟಿದ್ರ ನಾ ತಿಳ್ಕೋತಿದ್ದೆರಿ ಅಕ್ಕೋರೆ," ಎಂದಳು ಸುನಂದಾ, ನನ್ನ ಮುಖ ನೋಡದೆ. "ಸಿಡ್ಲು ಬಡೀತು, ಯಾರೇನ್ ಮಾಡ್ತಾರ? ಆದ್ರ ಭಾಲ್ಕಿದು ಇಲ್ಲ ಅಂತ ನಿಮಗ ಮೊದ್ಲೇ ಗೊತ್ತಿತ್ತಂತ. ಗೊತ್ತಿದ್ದೂ ನನ್ನ ಹೆಗಲ ಮ್ಯಾಲೆ ಕೈ ಇಟ್ಟು, ಈಗ ಬರ್ತದ, ಈಗ ಬರ್ತದ ಅಂದ್ರಿ. ಸಂಗಮೇಶ ಸರ್ ಮನೀಗಿ ಬಂದು ನಮ್ಮವ್ವನ ಮುಂದ ಅತ್ತು ಹೇಳಿ ಹೋದ್ರು."

ಅವನು ಇಲ್ಲಿಗೂ ಬಂದಿದ್ದ. ಇಲ್ಲಿಯೂ ಅತ್ತಿದ್ದ. ಸಭೆಯಲ್ಲಿ ಕೂಗಾಡಿದಂತೆ ಅಲ್ಲಿ ಕೂಗಾಡಲಿಲ್ಲ. ಮೊದಲಿನಿಂದ ಕೊನೆಯವರೆಗೆ, ಒಂದೊಂದಾಗಿ, ಚಿಕ್ಕ ಮಕ್ಕಳಿಗೆ ಹೇಳುವ ಹಾಗೆ ಹೇಳಿದೆ. ಮೂರು ಮಷಿನ್, ಮೂರು ಮತ, ವೈರು, ಫ್ಯಾನು, ಮಾವಿನ ಗಿಡ, ಆಣೆ. ತಾಯಿ ಮಗಳಿಬ್ಬರೂ ಕೊನೆಯವರೆಗೂ ಕೇಳಿದರು.

ಮುಗಿದ ಮೇಲೆ ಸುನಂದಾ ತಲೆಯೆತ್ತಿ ನನ್ನನ್ನು ನೋಡಿದಳು. ಅವಳ ಕಣ್ಣಿನಲ್ಲಿ ಸಿಟ್ಟು ಇರಲಿಲ್ಲ. ಇದ್ದಿದ್ದರೆ ನನಗೆ ಎಷ್ಟೋ ಸಮಾಧಾನವಾಗುತ್ತಿತ್ತು.

"ನೀವು ಹೇಳೋದು ಖರೆ ಅನಸ್ತದ್ರಿ ಅಕ್ಕೋರೆ," ಎಂದಳು. "ಅವತ್ತು ಅವರು ಹೇಳ್ದಾಗ ಅದೂ ಖರೆ ಅನಸಿತ್ತು."

ಡಬ್ಬಿಯನ್ನು ಕುರ್ಚಿಯ ಮೇಲೆ ಇಟ್ಟು ಎದ್ದೆ. ಅವರು ಬೇಡ ಎನ್ನಲಿಲ್ಲ, ಕೈಗೂ ತೆಗೆದುಕೊಳ್ಳಲಿಲ್ಲ.